ಮುಚ್ಚಿದ ಆಕ್ಸಲ್, ಮೂರು ಪ್ರಮಾಣಗಳು

ಹಳೆಯ ಕಾರಿನ ಹಿಂದಿನ ಆಕ್ಸಲ್‌ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಹೌಸಿಂಗ್ ಇರುತ್ತದೆ. ಒಳಗಿರುವುದು ಸಾಧಾರಣ ಡಿಫರೆನ್ಷಿಯಲ್ಲೋ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಬೇಕಾದ್ದರಿಂದ ಸಾಧಾರಣ ಡಿಫರೆನ್ಷಿಯಲ್ ಎರಡಕ್ಕೂ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಒಂದು ಚಕ್ರ ಕೆಸರಿಗೆ ಬಿತ್ತೆಂದರೆ ಅದೊಂದೇ ಗಿರಗಿರನೆ ಸುತ್ತುತ್ತದೆ, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಂತಿರುತ್ತದೆ. ಲಿಮಿಟೆಡ್ ಸ್ಲಿಪ್ ಮಾದರಿ ಆ ಸ್ವಾತಂತ್ರ್ಯಕ್ಕೆ, ಹೆಚ್ಚಾಗಿ ಕ್ಲಚ್ ಪ್ಲೇಟುಗಳ ಮೂಲಕ, ಕಡಿವಾಣ ಹಾಕುತ್ತದೆ. 1956ರಲ್ಲಿ ಅಮೆರಿಕದ ಪ್ಯಾಕರ್ಡ್ ಇದನ್ನು ‘ಟ್ವಿನ್ ಟ್ರಾಕ್ಷನ್’ ಎಂದು ಮಾರಿತು. ಆಮೇಲೆ ಜನರಲ್ ಮೋಟಾರ್ಸ್‌ನ ಪಾಸಿಟ್ರಾಕ್ಷನ್, ಕ್ರೈಸ್ಲರ್‌ನ ಶ್ಯೂರ್ ಗ್ರಿಪ್, ಜಾಗ್ವಾರ್ ಇ-ಟೈಪ್‌ನಲ್ಲಿದ್ದ ಪವರ್‌ಲಾಕ್ ಬಂದವು. ಒಳಗೆ ಯಾವುದಿದೆ ಎಂದು ತಿಳಿಯಲು ಇಂದಿನ ಸಂಗ್ರಾಹಕರು ಬಳಸುವ ದಾರಿಗಳು ಮೂರು: ಫಲಕ ಓದುವುದು, ಚಕ್ರ ತಿರುಗಿಸುವುದು, ಬಿಚ್ಚಿ ನೋಡುವುದು. ಮಧ್ವಾಚಾರ್ಯರು ಪ್ರಮಾಣಗಳೆಂದು, ಎಂದರೆ ಅರಿವಿನ ಸಾಧನಗಳೆಂದು, ಒಪ್ಪಿದ ಆಗಮ, ಅನುಮಾನ, ಪ್ರತ್ಯಕ್ಷಗಳೇ ಕ್ರಮವಾಗಿ ಇವು. ಮಳಖೇಡದಲ್ಲಿ ಬೃಂದಾವನಸ್ಥರಾದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ವಿವರಿಸಿದ್ದೂ ಇವನ್ನೇ. ಕಣ್ಣು ಮೊದಲು, ತರ್ಕ ಆಮೇಲೆ, ಮಾತು ಕೊನೆಗೆ ಎಂಬ ಶ್ರೇಣಿಯನ್ನು ನಾವು ಈಗ ವಿಚಾರವೇ ಮಾಡದೆ ಒಪ್ಪಿಬಿಟ್ಟಿದ್ದೇವೆ. ಈ ಹೌಸಿಂಗಿನ ಮುಂದೆ ಆ ಶ್ರೇಣಿ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೊದಲು ಮಾತು. 1965–66ರ ಫೋರ್ಡ್ ಮಸ್ಟಾಂಗ್‌ನ ಚಾಲಕನ ಬಾಗಿಲಿಗೆ ರಿವೆಟ್ ಮಾಡಿದ ಫಲಕದಲ್ಲಿ ಆಕ್ಸಲ್‌ನ ಸಂಕೇತವಿದೆ. ಅಂಕಿ ಇದ್ದರೆ ಸಾಧಾರಣ, ಅಕ್ಷರ ಇದ್ದರೆ ಲಿಮಿಟೆಡ್ ಸ್ಲಿಪ್. 3.00 ಅನುಪಾತದ ಸಾಧಾರಣ ಆಕ್ಸಲ್‌ಗೆ ‘1’, ಅದೇ ಅನುಪಾತದ ಇನ್ನೊಂದಕ್ಕೆ ‘ಎ’. ಕೆಲವು ಕಾರುಗಳಲ್ಲಿ ಲಿಮಿಟೆಡ್ ಸ್ಲಿಪ್ ಎಣ್ಣೆಯನ್ನೇ ಹಾಕಿರಿ ಎಂಬ ತಗಡಿನ ಚೀಟಿ ಹೌಸಿಂಗಿನ ಬೋಲ್ಟಿಗೇ ನೇತಾಡುತ್ತದೆ. ಮಾತು ಸ್ಪಷ್ಟವಾಗಿದೆ. ಆದರೆ ಅರವತ್ತು ವರ್ಷಗಳಲ್ಲಿ ಬಾಗಿಲು ಬೇರೆ ಕಾರಿನಿಂದ ಬಂದಿರಬಹುದು, ಆಕ್ಸಲ್ ಗುಜರಿಯಿಂದ ಬಂದಿರಬಹುದು. ಆಗ ಫಲಕ ಸುಳ್ಳು ಹೇಳುತ್ತಿಲ್ಲ, ಬೇರೊಂದು ಕಾರಿನ ಬಗ್ಗೆ ನಿಜ ಹೇಳುತ್ತಿದೆ. ಶಬ್ದಪ್ರಮಾಣದ, ಎಂದರೆ ಮಾತೆಂಬ ಪ್ರಮಾಣದ, ದೋಷವನ್ನು ಸದಾ ಹೇಳಿದವನ ನಾಲಗೆಯಲ್ಲೇ ಹುಡುಕುವವರು ಗಮನಿಸಬೇಕಾದ ಸಂಗತಿಯಿದು: ದೋಷ ಇರುವುದು ಮಾತಿಗೂ ವಸ್ತುವಿಗೂ ಇದ್ದ ನಂಟು ಕಳಚಿದ್ದರಲ್ಲಿ.

ಇನ್ನು ಅನುಮಾನ. ಆಡುಗನ್ನಡದಲ್ಲಿ ಅನುಮಾನವೆಂದರೆ ಶಂಕೆ, ತರ್ಕಶಾಸ್ತ್ರದಲ್ಲಿ ಶಂಕೆ ನೀಗುವ ಸಾಧನ. ಈ ಪ್ರಸಂಗದಲ್ಲಿ ಎರಡೂ ಅರ್ಥಗಳು ಸಲ್ಲುತ್ತವೆ. ಹಿಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಒಂದು ಚಕ್ರವನ್ನು ಕೈಯಿಂದ ತಿರುಗಿಸುತ್ತಾರೆ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಸಾಧಾರಣ, ಅದೇ ದಿಕ್ಕಿಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್. ಗುಡ್ಡದ ಮೇಲೆ ಹೊಗೆ, ಆದ್ದರಿಂದ ಬೆಂಕಿ ಎಂಬಷ್ಟೇ ಸಲೀಸು. ಆದರೆ ವ್ಯಾಪ್ತಿಯನ್ನು, ಎಂದರೆ ಇದಿದ್ದಲ್ಲೆಲ್ಲ ಅದಿದೆ ಎಂಬ ನಂಟನ್ನು, ಕೆಣಕಿ ನೋಡಿ. ಕ್ಲಚ್ ಪ್ಲೇಟುಗಳು ಸವೆದುಹೋದ ಲಿಮಿಟೆಡ್ ಸ್ಲಿಪ್‌ನಲ್ಲಿ ಚಕ್ರ ಎದುರು ದಿಕ್ಕಿಗೇ ತಿರುಗುತ್ತದೆ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಹೇಳುವ ಕಾದ ಕಬ್ಬಿಣದ ಗುಂಡು ಇದೇ, ಬೆಂಕಿಯಿದೆ, ಹೊಗೆಯಿಲ್ಲ. ಅತ್ತ ಯಾರೋ ಒಳಗಿನ ಸಣ್ಣ ಗೇರುಗಳನ್ನು ವೆಲ್ಡ್ ಮಾಡಿಟ್ಟಿದ್ದರೆ ಎರಡೂ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತವೆ, ಲಿಮಿಟೆಡ್ ಸ್ಲಿಪ್ ಮಾತ್ರ ಇರುವುದಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೆ ಇನ್ನೊಂದು ಚಕ್ರ ಕದಲುವುದೇ ಇಲ್ಲ. ಬೆಂಕಿಯಿಂದ ಹೊಗೆ ಏಳಲು ಹಸಿ ಸೌದೆ ಬೇಕಾದಂತೆ ಇಲ್ಲಿಯೂ ಉಪಾಧಿಗಳು, ಎಂದರೆ ಹೇಳದೆ ಉಳಿದ ಷರತ್ತುಗಳು, ಅಡಗಿವೆ. ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. ಪ್ರೊಪೆಲರ್ ಶಾಫ್ಟ್ ತಿರುಗದಂತೆ ಗೇರಿನಲ್ಲಿಟ್ಟು, ಟಾರ್ಕ್ ವ್ರೆಂಚಿನಿಂದ ಚಕ್ರವನ್ನು ತಿರುಗಿಸಲು ಯತ್ನಿಸಿದರೆ, ವೆಲ್ಡ್ ಆದದ್ದು ಜಗ್ಗುವುದಿಲ್ಲ, ಸಾಧಾರಣದ್ದು ಸುಲಭವಾಗಿ ಸುತ್ತುತ್ತದೆ, ಲಿಮಿಟೆಡ್ ಸ್ಲಿಪ್ ಒಂದು ಮಟ್ಟದ ಬಲದವರೆಗೆ ತಡೆದು ಆಮೇಲೆ ಜಾರುತ್ತದೆ. ಉಪಾಧಿಯನ್ನು ಗುರುತಿಸಿದ ಅನುಮಾನ ಸೋಲುವುದಿಲ್ಲ, ಮೊನಚಾಗುತ್ತದೆ.

ಇಷ್ಟೆಲ್ಲ ಪರದಾಟವೇಕೆ, ಬಿಚ್ಚಿ ನೋಡಿದರಾಯಿತಲ್ಲ ಎನ್ನಬಹುದು ಪ್ರತ್ಯಕ್ಷವೊಂದನ್ನೇ ನಂಬುವ ಚಾರ್ವಾಕ. ಪ್ರತ್ಯಕ್ಷವನ್ನು ನಾನು ಕಡೆಗಣಿಸುತ್ತಿಲ್ಲ. ಅನುಮಾನ ನಿಲ್ಲಲು ಪ್ರತ್ಯಕ್ಷ ಬೇಕು, ಆಸರೆಯಾದ ಉಪಜೀವ್ಯವನ್ನು ಆಶ್ರಿತವಾದದ್ದು ಬಾಧಿಸಲಾರದು ಎಂಬ ಮಧ್ವರ ವಾದವೂ ಸರಿಯೆ. ಆದರೆ ಹೌಸಿಂಗ್ ಬಿಚ್ಚಿದವನ ಕಣ್ಣಿಗೆ ಬೀಳುವುದೇನು? ಎಣ್ಣೆ ಮೆತ್ತಿದ ಗೇರುಗಳು. ಅಡ್ಡವಾಗಿ ಕೂಡಿದ ಎರಡು ಪಿನ್ನುಗಳ ಮೇಲೆ ನಾಲ್ಕು ಗೇರು ಕಂಡರೆ ಪವರ್‌ಲಾಕ್ ಇರಬಹುದು ಎಂದು ಆತ ಎಲ್ಲಿಂದ ಕಲಿತ? ಒಬ್ಬ ಮೆಕ್ಯಾನಿಕ್‌ನಿಂದ ಅಥವಾ ಕೈಪಿಡಿಯಿಂದ, ಎಂದರೆ ಮಾತಿನಿಂದಲೇ. ಕಂಡದ್ದನ್ನು ‘ಇದು ಅದು’ ಎಂದು ಗುರುತಿಸಿದ್ದು ಉಪದೇಶ. ಮೇಲಾಗಿ, ಪ್ಲೇಟುಗಳು ಜಾಗದಲ್ಲಿವೆ ಎಂದು ಕಣ್ಣು ಹೇಳಬಲ್ಲದು, ಹಿಡಿಯುತ್ತವೆ ಎಂದು ಹೇಳಲಾರದು. ಅದನ್ನು ಹೇಳುವುದು ಟಾರ್ಕ್ ವ್ರೆಂಚ್. ಕೆಲಸ ಮಾಡುವುದೇ ಇರುವಿಕೆಯ ಲಕ್ಷಣ ಎಂದ ಬೌದ್ಧ ತಾರ್ಕಿಕ ಧರ್ಮಕೀರ್ತಿಯನ್ನು ಒಪ್ಪಿದರೆ, ಸವೆದ ಪ್ಲೇಟುಗಳ ಡಿಫರೆನ್ಷಿಯಲ್ಲನ್ನು ಲಿಮಿಟೆಡ್ ಸ್ಲಿಪ್ ಎಂದು ಕರೆಯುವುದೇ ಕಷ್ಟ. ಇನ್ನು ಕಾರ್ಖಾನೆಯಿಂದ ಹೊರಟಾಗ ಇದರಲ್ಲಿ ಏನಿತ್ತು ಎಂಬ ಪ್ರಶ್ನೆಗೆ, ಎಷ್ಟು ಸಲ ಬಿಚ್ಚಿದರೂ, ಕಣ್ಣಿನ ಬಳಿ ಉತ್ತರವಿಲ್ಲ. ಅದು ದಾಖಲೆಯ ಕ್ಷೇತ್ರ.

ಹೀಗೆ ಪ್ರತಿಯೊಂದಕ್ಕೂ ಶಂಕೆ ಅಂಟಿಸಿದರೆ ಯಾವುದನ್ನೂ ತಿಳಿಯಲಾಗದಲ್ಲ ಎಂಬುದು ಇನ್ನೊಂದು ಆಕ್ಷೇಪ. ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಗಟ್ಟಿಯೆನಿಸುತ್ತದೆ: ಶಂಕಿಸುವವನ ನಡತೆಗೇ ವಿರುದ್ಧವಾಗುವಲ್ಲಿ ಶಂಕೆ ನಿಲ್ಲುತ್ತದೆ. ಒಂದೇ ಚಕ್ರ ಎತ್ತಿ, ಗೇರಿನಲ್ಲಿಟ್ಟು ಎಂಜಿನ್ ಓಡಿಸಿದರೆ, ಒಳಗೆ ಲಿಮಿಟೆಡ್ ಸ್ಲಿಪ್ ಇದ್ದ ಪಕ್ಷದಲ್ಲಿ ನೆಲದ ಮೇಲಿನ ಚಕ್ರಕ್ಕೂ ಬಲ ಹರಿದು ಕಾರು ಜಾಕಿನಿಂದ ಹಾರುತ್ತದೆ. ವ್ಯಾಪ್ತಿಯನ್ನು ನಂಬೆನೆಂದು ವಾದಿಸುವ ಪಂಡಿತನೂ ಆ ಹೊತ್ತಿಗೆ ಕಾರಿನ ಮುಂದೆ ನಿಲ್ಲುವುದಿಲ್ಲ.

ಕೊನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಫಲಕದ ಮಾತನ್ನು ಬೇಕಾದಾಗ ಬಿಚ್ಚಿ ಪರೀಕ್ಷಿಸಬಹುದು, ಸ್ವರ್ಗ–ಮೋಕ್ಷಗಳ ಬಗೆಗಿನ ಶಾಸ್ತ್ರದ ಮಾತಿಗೆ ಬಿಚ್ಚುವ ಬೋಲ್ಟುಗಳಿಲ್ಲ. ಒಂದರಿಂದ ಇನ್ನೊಂದನ್ನು ಸಾಧಿಸುವುದು ಹೇಗೆ? ಸಾಧಿಸಲಾಗದು, ನಾನು ಸಾಧಿಸಹೊರಟಿಲ್ಲ. ಶಬ್ದವನ್ನು ಸಾರಾಸಗಟಾಗಿ ತಳ್ಳಿಹಾಕಿದವನಿಗೆ ಕಣ್ಣೆದುರಿನ ಗೇರನ್ನೂ ಗುರುತಿಸಲಾಗದು ಎಂಬಲ್ಲಿಗೆ ಆಕ್ಸಲ್‌ನ ಸಾಕ್ಷ್ಯ ಮುಗಿಯುತ್ತದೆ. ಅಲ್ಲಿಂದ ಮುಂದಿನದು ಹಳೆಯ ಜಗಳ. ಬರೆದವನೇ ಇಲ್ಲವಾದ್ದರಿಂದ ವೇದದಲ್ಲಿ ಬರೆದವನ ದೋಷಕ್ಕೆ ಎಡೆಯಿಲ್ಲ ಎನ್ನುತ್ತಾರೆ ಮೀಮಾಂಸಕರು. ಮಧ್ವರಿಗೂ ವೇದ ಅಪೌರುಷೇಯವೇ. ನೈಯಾಯಿಕರು ಮಾತ್ರ ಮಾತಿನ ಹಿಂದೆ ನಂಬಲರ್ಹನಾದ ಒಬ್ಬ ಆಪ್ತ ಇರಲೇಬೇಕೆಂದು ಹಟ ಹಿಡಿದರು. ಮಸ್ಟಾಂಗ್‌ನ ಫಲಕಕ್ಕೆ ಸಾಕ್ಷಿ ಹೇಳುವ ಅವಕಾಶ ಸಿಕ್ಕರೆ ಅದು ನಿಲ್ಲುವುದು ಅವರ ಕಡೆಗೇ. ಈ ‘ಎ’ ಒತ್ತಿದವರು ಯಾರು, ಯಾವ ಕಾರಿಗೆ ಒತ್ತಿದರು, ಆಮೇಲೆ ಬಾಗಿಲು ಬದಲಾಯಿತೇ ಎಂದು ಅದನ್ನು ಕೇಳಬಹುದಲ್ಲ.