ಹಾಡಿಯ ಮರ ಎಣಿಸಬೇಕು

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಊರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಬೈಂದೂರು ಕಡೆ ಕಡಲಿಗೆ ಹತ್ತಿರ ನಮ್ಮದೊಂದು ಹಾಡಿ ಇದೆ. ಒಂದೂವರೆ ಎಕರೆ, ನಾಲ್ವರ ಪಾಲು. "ಅಣ್ಣಯ್ಯ, ಹಾಡಿ ಸುಮ್ನೆ ಬಿದ್ಕಂಡಿತ್ತ್. ಎಂಟ್ ಕಾಟೇಜ್ ಹಾಕ್ರೆ ವರ್ಷ ಇಡೀ ಜನ ಬತ್ರ್. ನೀವ್ ಎಂತ ಹೇಳ್ತ್ರಿ?"

ದನಿಯಲ್ಲಿ ಆಸೆಗಿಂತ ದಣಿವೇ ಹೆಚ್ಚಿತ್ತು. ಗೇರುಬೀಜ ಹೆಕ್ಕಲು ಆಳು ಸಿಗುವುದಿಲ್ಲ, ಬೇಲಿ ಪ್ರತಿ ಮಳೆಗಾಲಕ್ಕೂ ಮಲಗುತ್ತದೆ, ನೋಡಿಕೊಳ್ಳುವವನು ಅವನೊಬ್ಬನೇ. ಉಳಿದ ಮೂವರು ಪಾಲುದಾರರು ಮುಂಬೈಯಲ್ಲಿದ್ದೇವೆ. ಬೇಲಿಯ ಗೂಟಕ್ಕೆಂದು ಒಂದು ರೂಪಾಯಿ ಕಳಿಸಿದವರಲ್ಲ. ಹಾಗಾಗಿ ತಟ್ಟನೆ "ಬೇಡ" ಎನ್ನಲು ನನಗೆ ಬಾಯಿ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ನಿದ್ದೆ ಬರಲಿಲ್ಲ. ಅಡುಗೆಮನೆಯ ಕಿಟಕಿ ಬಳಿ ನಿಂತೆ. ಆಂಟಾಪ್ ಹಿಲ್‌ನ ಈ ಕಿಟಕಿ ಮೂಡಣಕ್ಕೆ ತೆರೆಯುತ್ತದೆ. ಹಗಲಾದರೆ ವಡಾಲದ ಉಪ್ಪಿನಗದ್ದೆಗಳ ಉಳಿದ ತುಣುಕು, ಅದರಾಚೆ ಕಾಂಡ್ಲಾ ಗಿಡಗಳ ಹಸಿರು ಗೆರೆ ಕಾಣುತ್ತದೆ. ಇದೂ ಕಡಲಂಚಿನ ನೆಲವೇ. ಉಬ್ಬರದ ನೀರು ಬಂದು ಇಂಗಿ ಹೋಗುತ್ತಿದ್ದ ಜಾಗಗಳ ಮೇಲೆ ಒಂದೊಂದಾಗಿ ಕಟ್ಟಡ ಎದ್ದಿತು, ಒಬ್ಬರೂ ಒಟ್ಟು ಲೆಕ್ಕ ಇಡಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಗರಕ್ಕೆ ಆ ಲೆಕ್ಕ ಗೊತ್ತಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದನ್ನು ತಡೆಯಿತು. ಜುಲೈನ ಆ ಮಳೆಯ ರಾತ್ರಿ ನಮ್ಮ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡಿದವರು ಈಗಲೂ ಮಳೆ ಜೋರಾದರೆ ಕೆಳಗಿಳಿದು ನೀರಿನ ಮಟ್ಟ ನೋಡಿ ಬರುತ್ತಾರೆ.

ನಮ್ಮ ಹಾಡಿಯಲ್ಲಿ ಏನಿದೆ? ಹೆಚ್ಚಿನವು ಯಾರೂ ನೆಟ್ಟ ಮರಗಳಲ್ಲ. ಸುರಹೊನ್ನೆ, ಕಾಟುಮಾವು, ನೇರಳೆ, ಮುರುಗಲು, ಅಂಚಿಗೆ ನಾಲ್ಕಾರು ಗೇರು. ರೆಂಜೆಮರದ ಬುಡದಲ್ಲಿ ಬೆಳಿಗ್ಗೆ ಹೂ ಉದುರಿ ನೆಲ ಬೆಳ್ಳಗಾಗಿರುತ್ತದೆ. ಒಣಗಿದ ಮೇಲೂ ಪರಿಮಳ ಬಿಡದ ಹೂ ಅದು, ಅಮ್ಮ ಬಾಳೆನಾರಿನಲ್ಲಿ ಪೋಣಿಸಿ ಪೆಟ್ಟಿಗೆಯ ಸೀರೆಗಳ ನಡುವೆ ಇಡುತ್ತಿದ್ದಳು. ಮೂಲೆಯಲ್ಲಿ ನಾಗಬನ. ಅಲ್ಲಿ ಒಣಗಿದ ಕೊಂಬೆಯನ್ನೂ ಯಾರೂ ಮುರಿಯುವುದಿಲ್ಲ. ಕಾಲಿಟ್ಟಲ್ಲೆಲ್ಲ ತರಗೆಲೆ, ಅದರಡಿ ಮುರಕಲ್ಲು. ತೂತುತೂತಾದ ಆ ಕಲ್ಲು ಮಳೆನೀರನ್ನು ಹೀರಿ ಕೆಳಗಿನ ಬಾವಿಗೆ ಇಳಿಸುತ್ತದೆ. ಹಾಡಿ ಸುಮ್ಮನೆ ಬಿದ್ದಿಲ್ಲ, ಊರಿನ ನಾಲ್ಕು ಮನೆಗಳ ಬಾವಿ ತುಂಬಿಸುತ್ತಿದೆ.

ಕಾಡಿನ ಕಾಟೇಜ್ ಎಂದಾಗ ನನಗೆ ಮೊದಲು ನೆನಪಾಗುವುದು ಕಾರವಾರದ ದೇವಬಾಗ. ಕಾಳಿ ನದಿ ಕಡಲು ಸೇರುವಲ್ಲಿ, ಗಾಳಿಮರದ ತೋಪಿನಲ್ಲಿ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮರದ ಮನೆಗಳನ್ನು ಮಾಡಿತು. 1980ರಲ್ಲಿ ಹುಟ್ಟಿದ ಸಂಸ್ಥೆ ಅದು. ಹಲವು ವರ್ಷದ ಹಿಂದೆ ಹೆಂಡತಿ ಮಕ್ಕಳೊಡನೆ ಹೋಗಿದ್ದೆ. ದೋಣಿಯಲ್ಲಿ ದಾಟಿ, ಚೀಲ ಹೊತ್ತು ಮರಳಲ್ಲಿ ನಡೆದೆವು. ಮನೆಗಳು ಕಂಬದ ಮೇಲೆ ನಿಂತಿದ್ದವು, ಮರಳು ಅವುಗಳಡಿಯಲ್ಲಿ ತನ್ನ ಪಾಡಿಗೆ ಹರಡಿಕೊಂಡಿತ್ತು. ರಾತ್ರಿಯಿಡೀ ಗಾಳಿಮರಗಳ ಸುಯ್ಲು. ಅದು ಕಡಲೋ ಮರವೋ ಎಂದು ಮಗಳು ಎರಡು ಸಲ ಎದ್ದು ಕೇಳಿದಳು. ನನಗೂ ಹೇಳಲಾಗಲಿಲ್ಲ.

1880ರ ದಶಕದಲ್ಲಿ ಇದೇ ಕಾರವಾರದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರ್ ಅಣ್ಣನ ಮನೆಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಆಗ ಕಾರವಾರ ಬಾಂಬೆ ಪ್ರಾಂತ್ಯದ ಊರು. ಕಡಲ ದಂಡೆಗೆ ಅಂಚು ಕಟ್ಟಿದಂತಿದ್ದ ಗಾಳಿಮರದ ತೋಪನ್ನು ಕವಿ ಮುಂದೆ ತಮ್ಮ ಜೀವನಸ್ಮೃತಿಯಲ್ಲಿ ಮರೆಯದೆ ಬರೆದರು. ಎಷ್ಟೋ ವರ್ಷದ ಮೇಲೂ ಅವರ ಮನಸ್ಸಿನಲ್ಲಿ ಉಳಿದದ್ದು ಆ ತೋಪು.

ದೇವಬಾಗದಲ್ಲಿ ಮರ ಮೊದಲಿತ್ತು, ಮನೆ ಆಮೇಲೆ ಬಂದು ಸಂದಿಯಲ್ಲಿ ಕೂತಿತು. ನನ್ನ ಕಣ್ಣಿಗೆ ಕಾಡಿನ ಕಾಟೇಜ್ ಎಂದರೆ ಅದು. ನೆಲ ಬೋಳು ಮಾಡಿ, ಜೆಸಿಬಿಯಿಂದ ಮಟ್ಟ ಹೊಡೆದು, ಸಿಮೆಂಟ್ ಕಟ್ಟೆ ಕಟ್ಟಿ, ಆಮೇಲೆ ನರ್ಸರಿಯಿಂದ ಕುಂಡದ ಗಿಡ ತಂದಿಟ್ಟದ್ದಕ್ಕೆ ಅದೇ ಹೆಸರು ಹಾಕಿ ಬಾಡಿಗೆ ಕೇಳುವುದು ತಪ್ಪು. ಕಡಲ ಕರೆಯುದ್ದಕ್ಕೂ ಈಗ ಇಂಥವು ಏಳುತ್ತಿವೆ, ಅವಕ್ಕೆ ಜಾಗ ಕೊಡುವವರಲ್ಲಿ ನಮ್ಮಂಥ ಮುಂಬೈವಾಸಿಗಳೂ ಇದ್ದೇವೆ.

ಕಾನೂನು ಇಲ್ಲವೇ ಎಂದರೆ, ಇದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಬೇಡವೆಂದಿತು. 2019ರಲ್ಲಿ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಅದು 50 ಮೀಟರಿಗೆ ಇಳಿಯಿತು. ನಮ್ಮ ಹಾಡಿ ಎರಡೂ ಗೆರೆಗಳ ಆಚೆಗಿದೆ. ರೆಂಜೆಮರ ಉಳಿಯುತ್ತದೋ ಇಲ್ಲವೋ ಎಂದು ಆ ಅಧಿಸೂಚನೆ ಕೇಳುವುದಿಲ್ಲ. ಪಾಲುದಾರರೇ ಕೇಳಿಕೊಳ್ಳಬೇಕು.

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ. ಎಂಟು ಬೇಡ, ಎರಡು ಸಾಕು, ಮರ ಇಲ್ಲದಲ್ಲಿ ಮಾತ್ರ ಎಂದೆ. ಶೌಚದ ಗುಂಡಿ ಬಾವಿಯಿಂದ ಆದಷ್ಟು ದೂರ ಇರಬೇಕು, ಏಕೆಂದರೆ ಮುರಕಲ್ಲು ಮಳೆನೀರಿನಂತೆ ಹೊಲಸು ನೀರನ್ನೂ ಇಳಿಸುತ್ತದೆ. ಈಜುಕೊಳದ ಮಾತೇ ಬೇಡ. ಕಡಲಿಗೆ ಹತ್ತಿರದ ಬಾವಿಯಿಂದ ಬೇಸಿಗೆಯಲ್ಲಿ ಅತಿಯಾಗಿ ಎಳೆದರೆ ಉಪ್ಪು ನುಗ್ಗುತ್ತದೆ, ಆಮೇಲೆ ಅಕ್ಕಪಕ್ಕದವರು ಏನು ಕುಡಿಯಬೇಕು? ಬನದ ಸುತ್ತ ಯಾವುದೂ ಬೇಡ. ಬೇಲಿಯ ಖರ್ಚು ಇನ್ನು ಮೇಲೆ ಪ್ರತಿ ವರ್ಷ ನನ್ನದು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡ್ರಲ್ಲಿ ಎಂತ ಗಿಟ್ಟುದ್ ಅಣ್ಣಯ್ಯ?" ಎಂದ. ಅವನ ಪ್ರಶ್ನೆಯೂ ನಿಜವೇ. ಬರುವ ಆದಾಯದಲ್ಲಿ ನನ್ನ ಪಾಲು ಬೇಡ ಎಂದೆ, ಉಳಿದಿಬ್ಬರ ಬಳಿಯೂ ಮಾತಾಡುತ್ತೇನೆ ಎಂದೆ.

ಊರಿಗೆ ಹೋಗುವ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಒಂದು ಬಕೆಟ್ ಸುಣ್ಣ ಕಲಸಿಡು ಎಂದು ಅವನಿಗೆ ಹೇಳಿದ್ದೇನೆ. ಇಬ್ಬರೂ ಸೇರಿ ಪ್ರತಿ ಮರಕ್ಕೂ ಒಂದು ಅಂಕೆ ಬರೆಯುತ್ತೇವೆ. ರೆಂಜೆಮರದಿಂದ ಶುರು.