ಅದತ್ತವಾದ ಅರಣ್ಯ

ಅಮೆರಿಕದ ಮಿನ್ನೆಸೋಟ ಸಂಸ್ಥಾನವೂ ಕೆನಡಾದ ಒಂಟಾರಿಯೊ ಪ್ರಾಂತ್ಯವೂ ಸಂಧಿಸುವ ಎಡೆಯಲ್ಲಿ, ಬಂಡೆಗಳಿಂದಲೂ ಪೈನ್ ವೃಕ್ಷಗಳಿಂದಲೂ ಸುತ್ತುವರಿದ ಸಾವಿರಕ್ಕೂ ಮಿಕ್ಕಿದ ಸರೋವರಗಳುಳ್ಳ ಮಹಾರಣ್ಯವೊಂದಿದೆ. ಅದರ ದಕ್ಷಿಣಭಾಗಕ್ಕೆ ಬೌಂಡರಿ ವಾಟರ್ಸ್ ಎಂದೂ ಉತ್ತರಭಾಗಕ್ಕೆ ಕ್ವೆಟಿಕೊ ಎಂದೂ ಹೆಸರು. ಕೆನೂ ಎಂಬ ಹಗುರ ದೋಣಿಯಲ್ಲಿ ಹುಟ್ಟುಹಾಕುತ್ತ, ನೀರು ಮುಗಿದಲ್ಲಿ ದೋಣಿಯನ್ನೇ ಹೆಗಲಿಗೇರಿಸಿ ಮುಂದಿನ ಸರೋವರದವರೆಗೆ ನಡೆಯುತ್ತ, ಇರುಳು ದಡದಲ್ಲಿ ಡೇರೆ ಹಾಕಿ ಏಕಾಂತವನ್ನು ಸವಿಯಬೇಕೆಂದು ಹೊರಟವನು ಎಲ್ಲಕ್ಕೂ ಮೊದಲು ಮಾಡತಕ್ಕ ಕಾರ್ಯವೆಂದರೆ ಪರವಾನಗಿಗೆ ಅರ್ಜಿ ಹಾಕುವುದು. ಏಕಾಂತಕ್ಕೂ ಅರ್ಜಿಯೆ, ಎಂದು ಮನಸ್ಸು ಮುನಿಯುತ್ತದೆ. ನಮ್ಮ ವಾನಪ್ರಸ್ಥನು ಯಾವ ಕಚೇರಿಯ ಮುದ್ರೆ ಒತ್ತಿಸಿಕೊಂಡು ಕಾಡಿಗೆ ನಡೆದನು?

ಈ ಮುನಿಸು ಪರಂಪರೆಯನ್ನು ಅರೆಯಾಗಿ ಓದಿದುದರ ಫಲ. ಜೈನಮುನಿಯ ಪಂಚಮಹಾವ್ರತಗಳಲ್ಲಿ ಮೂರನೆಯದು, ಕೊಡದೆ ಇದ್ದುದನ್ನು, ಎಂದರೆ ಅದತ್ತವನ್ನು, ಕೊಳ್ಳದಿರುವುದು. ಶ್ವೇತಾಂಬರ ಆಗಮವಾದ ಆಚಾರಾಂಗ ಸೂತ್ರವು ಈ ವ್ರತವನ್ನು ಮುನಿಯು ತಂಗುವ ನೆಲದವರೆಗೂ ವಿಸ್ತರಿಸಿ, ಅನುಜ್ಞೆ ಕೊಡತಕ್ಕವರನ್ನು ದೇವೇಂದ್ರ, ರಾಜ, ಗೃಹಪತಿ, ಆಶ್ರಯದಾತ, ಸಹಧರ್ಮಿ ಎಂದು ಐದು ಬಗೆಯಾಗಿ ಹೇಳುತ್ತದೆ. ಮನುಷ್ಯಮಾತ್ರರು ಯಾರೂ ಒಡೆಯರಾಗಿ ಕಾಣದ ನೆಲಕ್ಕೂ ದೇವೇಂದ್ರನಾದರೂ ಒಡೆಯನಿದ್ದಾನೆಂಬುದು ಇದರ ತಾತ್ಪರ್ಯ. ಸರ್ವಸ್ವವನ್ನೂ ತೊರೆದವನಿಗೇ ಈ ಕಟ್ಟು! ತ್ಯಾಗವು ಒಡೆತನವನ್ನು ಬಿಡಿಸೀತು, ಬಳಕೆಯನ್ನು ಬಿಡಿಸಲಾರದು. ಉಸಿರಿರುವವರೆಗೆ ದೇಹಕ್ಕೆ ಮೂರಡಿ ನೆಲವಾದರೂ ಬೇಕಷ್ಟೆ.

ಈ ದೃಷ್ಟಿಯಿಂದ ನೋಡಿದರೆ ಬೌಂಡರಿ ವಾಟರ್ಸಿನ ಕಟ್ಟಳೆಗಳು ಅಷ್ಟೇನೂ ಅರಸಿಕವಾಗಿ ತೋರವು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಇರುಳು ತಂಗಲು ಬರುವವರಲ್ಲಿ, ಒಂದೊಂದು ಪ್ರವೇಶದ್ವಾರದಿಂದ ದಿನಕ್ಕೆ ಇಂತಿಷ್ಟೇ ತಂಡಗಳಿಗೆ ಅನುಮತಿ. ತಂಡದಲ್ಲಿ 9 ಮಂದಿಯನ್ನೂ 4 ದೋಣಿಗಳನ್ನೂ ಮೀರುವಂತಿಲ್ಲ. ಈ ಮಿತಿ ಎಷ್ಟು ಬಿಗಿಯಾದುದೆಂದರೆ, ಎರಡು ತಂಡಗಳು ದೋಣಿ ಹೊರುವ ಕಾಲುದಾರಿಯಲ್ಲಿ ಆಕಸ್ಮಿಕವಾಗಿ ಸಂಧಿಸಿದರೂ ಒಂದೆಡೆ ಒಂಬತ್ತಕ್ಕೆ ಮಿಕ್ಕಿ ನೆರೆಯಕೂಡದು. ಮುಂದಿನವರು ನೀರಿಗಿಳಿಯುವವರೆಗೆ ಹಿಂದಿನವರು ಹೊರೆಯೊಡನೆ ದೂರದಲ್ಲಿಯೇ ತಡೆಯಬೇಕು. ನನಗೆ ಈ ತಡೆಯುವಿಕೆಯಲ್ಲಿ ತಪಸ್ಸಿನ ಒಂದು ತುಣುಕು ಕಾಣುತ್ತದೆ. ನಿಶ್ಶಬ್ದವು ಹಂಚಿದಷ್ಟೂ ಹೆಚ್ಚುವ ವಿದ್ಯೆಯಂತಹುದಲ್ಲ. ಹತ್ತನೆಯವನು ಬಂದೊಡನೆ ಒಂಬತ್ತು ಜನರ ಪಾಲಿನದೂ ಕರಗುತ್ತದೆ, ಅವನು ಯಾರಿಂದಲೂ ಏನನ್ನೂ ಕಿತ್ತುಕೊಳ್ಳದಿದ್ದರೂ ಅದತ್ತವನ್ನು ಕೊಂಡಂತೆಯೇ ಆಗುತ್ತದೆ.

ಗಡಿಯ ಕಟ್ಟಳೆ ಬೇರೆ ಜಾತಿಯದು. ಅದು ಎಷ್ಟು ಮಂದಿ ಎಂದು ಕೇಳುವುದಿಲ್ಲ, ನೀನು ಯಾರು ಎಂದು ಕೇಳುತ್ತದೆ. 1842ರ ವೆಬ್‌ಸ್ಟರ್–ಆಶ್‌ಬರ್ಟನ್ ಒಪ್ಪಂದವು ಈ ಸರೋವರಗಳ ನಡುವೆ ಗೆರೆಯೆಳೆಯಿತಾದರೂ, ಗೆರೆಯುದ್ದಕ್ಕೂ ಇರುವ ಜಲಮಾರ್ಗಗಳನ್ನೂ ರೂಢಿಯ ಹೊರೆದಾರಿಗಳನ್ನೂ ಎರಡು ದೇಶದ ಪ್ರಜೆಗಳಿಗೂ ಮುಕ್ತವಾಗಿಟ್ಟಿತು. ಆದುದರಿಂದ ಹುಟ್ಟುಹಾಕುತ್ತ ಸಾಗುವವನಿಗಿರುವ ಬಿಡುಗಡೆ, ಆಚೆಯ ದಡದಲ್ಲಿ ಡೇರೆ ಹೂಡುವವನಿಗಿಲ್ಲ. ಸುಂಕದ ಕಟ್ಟೆಯಿಲ್ಲದ ಆ ಕಾಡಿನಲ್ಲಿ ಕ್ವೆಟಿಕೊ ಹೊಗುವವರಿಗಾಗಿ ಕೆನಡಾ ಸರಕಾರವು ಮುಂಚಿತವಾಗಿಯೇ ಪಡೆಯಬೇಕಾದ ವಿಶೇಷ ರಹದಾರಿಯೊಂದನ್ನು ಬಹುಕಾಲ ಕೊಡುತ್ತ ಬಂದಿತು. ಹಕ್ಕಿಗೆ ಗಡಿಯಿಲ್ಲವೆಂಬ ಹಳಸಲು ಮಾತನ್ನು ನಾನಿಲ್ಲಿ ಆಡಲೊಲ್ಲೆ. ರಾಜನ ಅನುಜ್ಞೆ ಬೇಡವೆಂದು ಸೂತ್ರವೂ ಹೇಳಿಲ್ಲ.

ನನ್ನನ್ನು ಕಾಡುವುದು ಗೃಹಪತಿಯ ಪ್ರಶ್ನೆ. ಬರ್ಚ್ ಮರದ ತೊಗಟೆಯ ದೋಣಿಯಲ್ಲಿ ಈ ನೀರನ್ನು ತಲೆತಲಾಂತರದಿಂದ ಬಲ್ಲ ಒಜಿಬ್ವೆ ಜನ 1842ರ ಒಪ್ಪಂದಕ್ಕೆ ಸಹಿ ಮಾಡಿದವರಲ್ಲ. ಮುಂದೆ ದಕ್ಷಿಣದಲ್ಲಿ 1854ರಲ್ಲಿಯೂ ಉತ್ತರದಲ್ಲಿ 1873ರಲ್ಲಿಯೂ ಅವರಿಂದ ಸರಕಾರಗಳು ಕರಾರು ಬರೆಯಿಸಿಕೊಂಡು ನೆಲವನ್ನು ಪಡೆದುವು; ಬೇಟೆಯ ಹಾಗೂ ಮೀನಿನ ಹಕ್ಕು ಆ ಕರಾರುಗಳಲ್ಲಿ ಅವರಿಗೆ ಉಳಿದಿತ್ತು. ಕೊಡುವವನಿಗೆ ವಸ್ತು ದಕ್ಕಿದ ಬಗೆಯೇ ಶಂಕಾಸ್ಪದವಾಗಿರುವಲ್ಲಿ, ಅವನಿಂದ ಕೇಳಿ ಪಡೆದವನ ವ್ರತ ಪೂರ್ಣವಾಯಿತೆ? ಪರವಾನಗಿಯಿಲ್ಲದೆ ನುಗ್ಗುವುದು ಇದಕ್ಕೆ ಉತ್ತರವಲ್ಲ, ಅದು ಒಂದು ಅದತ್ತದ ಮೇಲೆ ಇನ್ನೊಂದನ್ನು ಪೇರಿಸಿದಂತೆ. ಆದರೂ ಜೇಬಿನಲ್ಲಿ ಎರಡು ಸರಕಾರಗಳ ಕಾಗದಗಳನ್ನಿರಿಸಿಕೊಂಡು ಲಾಕ್ ಲಾ ಕ್ರುವಾ ಸರೋವರದ ಮೇಲೆ ಸಾಗುವವನು, ಆ ನೀರಿನ ಉತ್ತರದ ದಡದಲ್ಲಿ ಅದೇ ಹೆಸರಿನ ಒಜಿಬ್ವೆ ಸಮುದಾಯವು ಇಂದಿಗೂ ಮನೆಮಾಡಿಕೊಂಡಿದೆ ಎಂಬುದನ್ನಾದರೂ ತಿಳಿದಿರತಕ್ಕದ್ದು.