ಒತ್ತಾಯವೂ ಅಹಿಂಸೆಯಾಗಬಲ್ಲುದೆ?

ಉಪವಾಸಕ್ಕೆ ಗೌರವವಿರುವ ಮನೆಯಲ್ಲಿ ಹದಿಹರೆಯದ ಮಗಳು ದಿನೇ ದಿನೇ ಊಟವನ್ನು ಕಡಿಮೆ ಮಾಡುತ್ತ ಬಂದರೆ ಮೊದಲು ಅದನ್ನು ಸಂಯಮವೆಂದೇ ಹಿರಿಯರು ಮೆಚ್ಚುವುದುಂಟು. ಆದರೆ ವ್ರತಕ್ಕೆ ಸಂಕಲ್ಪವಿದೆ, ಅವಧಿಯಿದೆ, ಪಾರಣೆಯಿದೆ. ಕಷಾಯಗಳನ್ನು ಕ್ಷೀಣಗೊಳಿಸುವುದು ಅದರ ಗುರಿ. ಅನೊರೆಕ್ಸಿಯಾ ನರ್ವೋಸಾ ಎಂಬ ವ್ಯಾಧಿಗೆ ಪಾರಣೆಯೇ ಇಲ್ಲ. ವ್ರತಿಯು ದೇಹಮೋಹವನ್ನು ಕಳೆದುಕೊಳ್ಳಲು ಹೊರಡುತ್ತಾನೆ; ರೋಗಿಗೆ ದೇಹದ ತೂಕದ ಹೊರತು ಬೇರೆ ಚಿಂತೆಯಿರುವುದಿಲ್ಲ. ನಾಡಿ ನಿಧಾನವಾಗುತ್ತದೆ, ಮುಟ್ಟು ನಿಲ್ಲುತ್ತದೆ, ಹೃದಯದ ಲಯ ತಪ್ಪಬಹುದು. ಮನೋವ್ಯಾಧಿಗಳಲ್ಲಿ ಅತಿ ಹೆಚ್ಚು ಪ್ರಾಣಾಪಾಯವುಳ್ಳವುಗಳಲ್ಲಿ ಇದೂ ಒಂದು. ಗಂಡುಮಕ್ಕಳನ್ನೂ ಇದು ಬಿಡದು.

ಇಲ್ಲಿ ತಂದೆತಾಯಿಗಳಿಗೆ ಧರ್ಮಸಂಕಟವೊಂದು ಎದುರಾಗುತ್ತದೆ. ಬೇಡವೆನ್ನುವ ಮಗುವಿಗೆ ಉಣ್ಣಲೇಬೇಕೆಂದು ಹೇಳುವುದು ಹಿಂಸೆಯಲ್ಲವೆ? ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಘಾತದೊಡನೆ ಅದರ ಹಿಂದಿರುವ ಪ್ರಮಾದವನ್ನೂ ಎಣಿಸುತ್ತದೆ. ಶಸ್ತ್ರವೈದ್ಯನ ಕತ್ತಿ ನೋಯಿಸಿದರೂ ಅದು ಹಿಂಸೆಯೆನಿಸದು. ಹಾಗೆಯೇ ಕ್ರೋಧವಿಲ್ಲದ, ಎಚ್ಚರದಿಂದ ಕೂಡಿದ ಒತ್ತಾಯ ಕರುಣೆಯ ರೂಪವೇ ಸರಿ. ಮಗುವಿನ ಇಚ್ಛೆಯೆಂದು ಸುಮ್ಮನಿರುವುದು ಪ್ರಮಾದ; ಬೈದು, ಹೊಡೆದು, ಹಂಗಿಸಿ ಉಣಿಸುವುದು ಕಷಾಯ.

ಆದರೆ ಕೋಪವಿಲ್ಲದೆ ಒತ್ತಾಯಿಸುವುದು ಹುಟ್ಟುಗುಣವಲ್ಲ, ಕಲಿಯಬೇಕಾದ ವಿದ್ಯೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಚಿಕಿತ್ಸಾಕ್ರಮವು ತಂದೆತಾಯಿಗಳ ಮೇಲೆ ದೋಷ ಹೊರಿಸದೆ, ಮಗುವಿನ ಊಟದ ಹೊಣೆಯನ್ನು ಅವರಿಗೇ ವಹಿಸಿತು. ಮುಂದೆ ಹಲವು ಕುಟುಂಬಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿಯೂ ಬೆಳೆಯಿತು. ಮನೋರೋಗ ಚಿಕಿತ್ಸೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳುವುದು ಭಾರತಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಡಾ. ವಿದ್ಯಾಸಾಗರರು ಅಮೃತಸರದ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳೊಡನೆ ಬಂಧುಗಳನ್ನೂ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1970ರ ದಶಕದಿಂದಲೇ ಕುಟುಂಬ ಚಿಕಿತ್ಸೆಯ ಪರಂಪರೆಯಿದೆ.

ಇಂಥ ಕೂಟದಲ್ಲಿ ಕಲಿಯುವುದೇನು? ರೋಗವನ್ನು ಮಗುವಿನಿಂದ ಬೇರೆಯಾಗಿ ಕಾಣುವುದು. ತಂದೆತಾಯಿಗಳಿಬ್ಬರೂ ಒಂದೇ ಮಾತನ್ನಾಡುವುದು. ಊಟದ ಹೊತ್ತಿನಲ್ಲಿ ಜೊತೆಗೆ ಕುಳಿತು, ತೂಕದ ವಿಚಾರವನ್ನೂ ವಾದವನ್ನೂ ಬಿಟ್ಟು, ತಾಳ್ಮೆಯಿಂದ ಕಾಯುವುದು. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೆ ಹೆಚ್ಚು ಆಹಾರ ಕೊಟ್ಟರೆ ಅಪಾಯವೆಂಬುದನ್ನೂ ಅಲ್ಲಿ ತಿಳಿಯಬೇಕು. ಆದುದರಿಂದ ವೈದ್ಯರ ಪರೀಕ್ಷೆಯೇ ಮೊದಲು. ತಾಯಿ ಭಯವನ್ನು ಕಂಡಿರುತ್ತಾಳೆ, ತಂದೆ ಹಟವನ್ನು ಕಂಡಿರುತ್ತಾನೆ. ಇತರರ ಅನುಭವ ಸೇರಿದಾಗಲೇ ಸತ್ಯದ ಹಲವು ಮುಖಗಳು ತೋರುತ್ತವೆ. ಅನೇಕಾಂತದ ಬಳಕೆ ಇದೇ ಅಲ್ಲವೆ?

ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಮನೆಯವರು ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಒಂದು ಊರಿನಲ್ಲಿ ಇಂಥ ಕುಟುಂಬಗಳು ಕೆಲವೇ ಇರಬಹುದು. ಗುಬ್ಬಿ, ಕುಣಿಗಲ್‌ನವರು ತುಮಕೂರಿನಲ್ಲಿ ಸೇರಿದರೆ ಕೂಟವೂ ಆಗುತ್ತದೆ, ನೆರೆಹೊರೆಯವರ ಕಣ್ಣೂ ತಪ್ಪುತ್ತದೆ. ವೈದ್ಯರ ಮಾರ್ಗದರ್ಶನದಲ್ಲಿ, ಕೇಳಿದ್ದು ಹೊರಗೆ ಹೋಗದೆಂಬ ನಿಯಮದಿಂದ ಅದು ನಡೆಯಬೇಕು. ಮೊದಲ ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು.

ಅಹಿಂಸೆಯನ್ನು ಇರುವೆಯವರೆಗೂ ವಿಸ್ತರಿಸಿದ ಸಮಾಜವು ಸ್ವಂತ ಮನೆಯಲ್ಲಿ ಹಸಿದಿರುವ ಮಗುವನ್ನೂ, ನಿಂದೆಗೆ ಅಂಜಿ ಕುಳಿತ ಆಕೆಯ ತಂದೆತಾಯಿಗಳನ್ನೂ ಆ ಕರುಣೆಯಿಂದ ಹೊರಗಿಡಲಾಗದು.